‘ಅಣ್ಣನ್ನ ಹಿಡ್ಕೊಂಡು ಹೋದ್ರು’ ಅಂತ ಫೋನು ಬಂದ ಮೇಲೆ

ಗಲ್ಫಿನಲ್ಲಿ ದುಡಿಯುವವನು ಸಿಕ್ಕಿಬಿದ್ದರೆ ಊರಿಗೆ ಸುದ್ದಿ ಮುಟ್ಟಿಸುವವನು ಸಾಮಾನ್ಯವಾಗಿ ಅವನ ರೂಮಿನವನು. ‘ಅತ್ತಿಗೆ, ಅಣ್ಣನ್ನ ಹಿಡ್ಕೊಂಡು ಹೋದ್ರು. ಗಾಬ್ರಿ ಮಾಡ್ಕೋಬೇಡಿ, ಎರಡು ದಿನ್ದಲ್ಲಿ ಬಿಡ್ತಾರೆ’ ಅನ್ನುತ್ತಾನೆ, ಇಟ್ಟುಬಿಡುತ್ತಾನೆ. ಆ ರೂಮಿನವನ ಇಕಾಮವೂ (ಅಲ್ಲಿ ವಾಸಕ್ಕೆ ಕೊಡುವ ಪರವಾನಗಿ ಕಾರ್ಡು) ಮುಗಿದಿದೆ ಎಂಬುದು ಮನೆಯವರಿಗೆ ತಿಳಿಯುವುದು ಆಮೇಲೆ; ಮರುದಿನದಿಂದ ಅವನ ನಂಬರೂ ಸ್ವಿಚ್ ಆಫ್. ಇತ್ತ ಮನೆಯಲ್ಲಿ ಕಪಾಟಿನ ಮೇಲಿನ ಪ್ಲಾಸ್ಟಿಕ್ ಚೀಲ ಕೆಳಗಿಳಿಯುತ್ತದೆ. ಅದರೊಳಗೆ ಅವಧಿ ಮುಗಿದ ಪಾಸ್‌ಪೋರ್ಟಿನ ಜೆರಾಕ್ಸ್, ಮೊದಲ ಸಲ ಹೋದಾಗಿನ ವೀಸಾ, ಮೆಡಿಕಲ್ ಮಾಡಿಸಿದ ರಸೀದಿ, ಏಜೆಂಟನ ವಿಸಿಟಿಂಗ್ ಕಾರ್ಡು. ಹೊಸ ಪಾಸ್‌ಪೋರ್ಟಿನ ನಂಬರು ಯಾರ ಹತ್ತಿರವೂ ಇಲ್ಲ. ಈಗ ಕೆಲಸ ಮಾಡುತ್ತಿರುವ ಕಂಪನಿಯ ಹೆಸರೂ ಗೊತ್ತಿಲ್ಲ. ವೀಸಾ ಒಬ್ಬನದು, ದುಡಿಮೆ ಇನ್ನೊಬ್ಬನ ಹತ್ತಿರ ಅಂತ ಅವನು ಹೇಳಿಯೇ ಇರಲಿಲ್ಲ.

ಬೆಳಗಾದ ಮೇಲೆ ಓಡಾಟ ಶುರು. ಮೊದಲು ಏಜೆಂಟನ ಮನೆ, ಆಮೇಲೆ ಶಾಸಕರ ಮನೆ, ಆಮೇಲೆ ದುಬೈಯಲ್ಲಿ ಅಂಗಡಿ ಇಟ್ಟ ಊರ ಸಾಹುಕಾರರ ಮನೆ. ಭಟ್ಕಳದಿಂದ ಕಾರವಾರದವರೆಗೆ ಇದು ಹೆಚ್ಚುಕಡಿಮೆ ಒಂದೇ ತರ. ಕಾಡುವ ವಿಷಯ ಇದೇ: ನಾವು ವಶೀಲಿಯನ್ನು ಹುಡುಕಿಕೊಂಡು ಹೋಗುತ್ತೇವೆ, ಮಾಹಿತಿಯನ್ನು ಹುಡುಕುವುದಿಲ್ಲ. ವಶೀಲಿ ಸುಳ್ಳು ಅಂತ ಹೇಳುತ್ತಿಲ್ಲ. ಭಟ್ಕಳದವರ ಜಮಾತ್‌ಗಳಿಗೆ, ಅಲ್ಲಿನ ಕನ್ನಡ ಸಂಘಗಳಿಗೆ ಒಳ್ಳೆಯ ಸಂಪರ್ಕವಿದೆ. ಎಷ್ಟೋ ಸಲ ರಾಯಭಾರ ಕಚೇರಿಯವರಿಗಿಂತ ಮೊದಲು ಠಾಣೆ ಮುಟ್ಟುವವರು ಅವರೇ. ಆದರೆ ಅವರೂ ಮೊದಲು ಕೇಳುವುದು ‘ಇಕಾಮ ನಂಬರು ಎಷ್ಟು?’ ಎಂದೇ. ಆ ಹತ್ತು ಅಂಕಿ ಇಲ್ಲದಿದ್ದರೆ ಶಾಸಕರ ಪತ್ರವೂ ಅಷ್ಟೇ, ಸಾಹುಕಾರರ ಫೋನೂ ಅಷ್ಟೇ.

ಹಾಗಾಗಿ ರೂಮಿನವನು ಫೋನು ಇಡುವ ಮೊದಲು ಅವನಿಂದ ಹೊರಡಿಸಬೇಕಾದ್ದು ಮೂರು ಮಾತು: ಎಲ್ಲಿ ಹಿಡಿದರು, ಯಾರು ಹಿಡಿದರು, ಏನಂತ ಹಿಡಿದರು. ಆಮೇಲೆ ಒಂದು ಫೋಟೊ. ಸೌದಿಯಾದರೆ ಇಕಾಮ, ಯುಎಇ ಆದರೆ ಎಮಿರೇಟ್ಸ್ ಐಡಿ, ಕುವೈತ್ ಆದರೆ ಸಿವಿಲ್ ಐಡಿ. ಕಾರ್ಡು ಅವನ ಜೇಬಿನಲ್ಲೇ ಹೋಗಿದ್ದರೆ ರೂಮಿನಲ್ಲಿ ಸಂಬಳದ ಚೀಟಿ, ಆಸ್ಪತ್ರೆ ಚೀಟಿ, ಸಿಮ್ ತೆಗೆದುಕೊಂಡ ಕಾಗದ ಎಲ್ಲಾದರೂ ನಂಬರು ಇದ್ದೇ ಇರುತ್ತದೆ. ಊರಿಗೆ ಹಣ ಕಳಿಸಿದ ಎಕ್ಸ್‌ಚೇಂಜಿನ ರಸೀದಿಯಲ್ಲಂತೂ ಸಾಮಾನ್ಯವಾಗಿ ಸಿಗುತ್ತದೆ, ಅದರ ಮೆಸೇಜೋ ಫೋಟೊವೋ ಹೆಂಡತಿಯ ವಾಟ್ಸ್ಆ್ಯಪ್‌ನಲ್ಲೇ ಬಿದ್ದಿರುತ್ತದೆ.

ಹಿಡಿದದ್ದು ಯಾರು ಅನ್ನುವುದರಲ್ಲೇ ಅರ್ಧ ಉತ್ತರ

‘ಜೈಲಿನಲ್ಲಿದ್ದಾನೆ’ ಅನ್ನುವ ಮಾತಿಗೆ ಗಲ್ಫಿನಲ್ಲಿ ಕನಿಷ್ಠ ಮೂರು ಅರ್ಥ. ಇಕಾಮ ಮುಗಿದವನು, ಕಫೀಲ್ (ವೀಸಾ ಕೊಟ್ಟ ಮಾಲೀಕ) ‘ಹುರೂಬ್’, ಅಂದರೆ ಓಡಿಹೋದನೆಂಬ ದೂರು ಹಾಕಿದವನು, ಬೇರೆಯವನ ಹತ್ತಿರ ದುಡಿಯುತ್ತಿದ್ದವನು ಸಿಕ್ಕಿದರೆ ಅವನನ್ನು ತರ್ಹೀಲ್‌ಗೆ, ಅಂದರೆ ಗಡಿಪಾರು ಕೇಂದ್ರಕ್ಕೆ ಹಾಕುತ್ತಾರೆ. ಅಲ್ಲಿ ವಕೀಲನಿಗೆ ಮಾಡಲು ಹೆಚ್ಚೇನೂ ಇಲ್ಲ. ಬೇಕಾದ್ದು ಪಾಸ್‌ಪೋರ್ಟ್ ಅಥವಾ ಔಟ್‌ಪಾಸ್ (ಊರಿಗೆ ಮರಳಲು ರಾಯಭಾರ ಕಚೇರಿ ಕೊಡುವ ತುರ್ತು ಪ್ರಯಾಣ ಪತ್ರ), ಬೆರಳಚ್ಚು, ಟಿಕೆಟ್. ಎರಡನೆಯದು ಪೊಲೀಸ್ ಠಾಣೆ: ಕೇಸು ಇನ್ನೂ ತನಿಖೆಯಲ್ಲಿದೆ. ಮೂರನೆಯದು ನಿಜವಾದ ಜೈಲು: ಕೋರ್ಟಿಗೆ ಹೋಗಿದೆ, ಅಥವಾ ಶಿಕ್ಷೆಯೇ ಆಗಿದೆ. ತರ್ಹೀಲ್‌ನಲ್ಲಿರುವವನಿಗೆ ವಕೀಲನನ್ನು ಹಿಡಿದು ಲಕ್ಷ ರೂಪಾಯಿ ಕಳಿಸಿದವರಿದ್ದಾರೆ. ಠಾಣೆಯಲ್ಲಿದ್ದವನಿಗೆ ‘ಔಟ್‌ಪಾಸ್ ಮಾಡಿಸಿ’ ಅಂತ ತಿಂಗಳುಗಟ್ಟಲೆ ಅರ್ಜಿ ಹಾಕಿದವರೂ ಇದ್ದಾರೆ.

ತರ್ಹೀಲ್‌ನಲ್ಲಿ ಉಳಿದವರೆಲ್ಲ ವಿಮಾನ ಹತ್ತಿ ಹೋದರೂ ಒಬ್ಬ ಮಾತ್ರ ಅಲ್ಲೇ ಉಳಿದನೆಂದರೆ ಅದಕ್ಕೆ ಕಾರಣ ಬಹುಮಟ್ಟಿಗೆ ‘ಮತ್ಲೂಬ್’. ಅವನ ಹೆಸರಿನ ಮೇಲೆ ಎಲ್ಲೋ ಹಳೆಯ ಪೊಲೀಸ್ ಕೇಸು ಇದೆ: ಬಾಡಿಗೆ ಕಾರಿನ ಬಾಕಿ, ಕಫೀಲ್ ಕೊಟ್ಟ ಕಳವಿನ ದೂರು, ಗೆಳೆಯನಿಗಾಗಿ ಸಹಿ ಹಾಕಿದ ಸಾಲ. ಕೇಸು ಇತ್ಯರ್ಥವಾಗದೆ ಕಂಪ್ಯೂಟರು ಅವನನ್ನು ಬಿಡುವುದಿಲ್ಲ. ಆಗ ಕೇಳಬೇಕಾದ ಪ್ರಶ್ನೆ ಬದಲಾಗುತ್ತದೆ. ‘ಯಾವಾಗ ಬಿಡುತ್ತೀರಿ’ ಅಂತ ಕೇಳಿ ಪ್ರಯೋಜನವಿಲ್ಲ. ‘ಮತ್ಲೂಬ್ ಇದೆಯೇ, ಇದ್ದರೆ ಯಾವ ಊರಿನ ಯಾವ ಠಾಣೆ, ಕೇಸಿನ ನಂಬರೇನು’ ಅಂತ ಕೇಳಬೇಕು.

ಯಾವ ಕಚೇರಿಗೆ ಕೇಳಬೇಕು ಅನ್ನುವುದರಲ್ಲೂ ಎಡವುತ್ತೇವೆ. ಸೌದಿಯಲ್ಲಿ ಜೆದ್ದಾದ ಕಾನ್ಸುಲೇಟ್ ಪಶ್ಚಿಮ ಭಾಗಕ್ಕೆ: ಮೆಕ್ಕಾ, ಮದೀನಾ, ತಬೂಕ್, ಅಸೀರ್, ಜಿಜಾನ್. ದಮ್ಮಾಮ್, ಜುಬೈಲ್ ರಿಯಾದ್ ರಾಯಭಾರ ಕಚೇರಿಗೆ ಸೇರುತ್ತವೆ. ಯುಎಇಯಲ್ಲಿ ಅಬುಧಾಬಿಯದು ಅಬುಧಾಬಿಗೆ ಮಾತ್ರ. ಶಾರ್ಜಾ, ಅಜ್ಮಾನ್, ರಾಸ್ ಅಲ್ ಖೈಮಾ ಎಲ್ಲ ದುಬೈ ಕಾನ್ಸುಲೇಟಿಗೆ. ಮೀನುಗಾರರ ಲೆಕ್ಕ ಇನ್ನೂ ಬೇರೆ. 2018ರಲ್ಲಿ ದುಬೈ ಬೋಟುಗಳಲ್ಲಿ ದುಡಿಯುತ್ತಿದ್ದ ನಮ್ಮ ಜಿಲ್ಲೆಯ ಮೀನುಗಾರರು ಗಡಿ ದಾಟಿದರೆಂದು ಇರಾನಿನವರ ಕೈಗೆ ಸಿಕ್ಕಿದ್ದು ಇಲ್ಲಿ ಎಲ್ಲರಿಗೂ ನೆನಪಿದೆ. ಬೋಟು ದುಬೈಯದು, ಮಾಲೀಕ ದುಬೈಯವನು, ಸಂಬಳ ದಿರ್ಹಮಿನಲ್ಲಿ. ಆದರೆ ಇಂಥವರನ್ನು ಭೇಟಿಯಾಗುವ ಹಕ್ಕು ಇರುವುದು ಟೆಹರಾನಿನ ರಾಯಭಾರ ಕಚೇರಿ ಮತ್ತು ಬಂದರ್ ಅಬ್ಬಾಸಿನ ಕಾನ್ಸುಲೇಟಿಗೆ. ಹಿಡಿದಿಟ್ಟ ನೆಲ ಯಾವುದೋ ಅಲ್ಲಿನ ಕಚೇರಿ. ಮಾಲೀಕನ ಮೇಲೆ ಒತ್ತಡ ಹಾಕಲು ದುಬೈ ಕಾನ್ಸುಲೇಟಿಗೆ ಬರೆಯುವುದು ಬೇರೆ ಅರ್ಜಿ. ಎರಡನ್ನೂ ಕೊಡಬೇಕು, ಬೆರೆಸಬಾರದು.

ಸೈಬರ್ ಅಂಗಡಿಯಲ್ಲಿ ಕಳೆದುಹೋಗುವ ದೂರು

ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್ 2015ರಿಂದ ಇದೆ. ಬಂಧನ, ಸಂಬಳ ಬಾಕಿ, ಕಾಣೆಯಾದವರು, ಹೆಣ ತರಿಸುವುದು ಎಲ್ಲಕ್ಕೂ ಅಲ್ಲಿ ಬೇರೆ ಬೇರೆ ವಿಭಾಗ. ದೂರು ಹಾಕಿದರೆ ನಂಬರು ಸಿಗುತ್ತದೆ, ಅದು ನೇರವಾಗಿ ಆ ದೇಶದ ನಮ್ಮ ಕಚೇರಿಯ ಅಧಿಕಾರಿಯ ಮುಂದೆ ಹೋಗುತ್ತದೆ. ಕೆಲಸ ಮಾಡುವ ವ್ಯವಸ್ಥೆಯೇ. ನಮ್ಮಲ್ಲಿ ಅದು ಹಾಳಾಗುವುದು ಹೀಗೆ: ಪೇಟೆಯ ಸೈಬರ್‌ನವನು ತನ್ನದೇ ಇಮೇಲ್, ತನ್ನದೇ ಮೊಬೈಲು ಹಾಕಿ ದೂರು ದಾಖಲಿಸಿ ನೂರು ರೂಪಾಯಿ ತೆಗೆದುಕೊಳ್ಳುತ್ತಾನೆ. ‘ಬಂಧಿತನ ಪಾಸ್‌ಪೋರ್ಟ್ ಪ್ರತಿ ಕಳಿಸಿ’ ಅಂತ ಉತ್ತರ ಬರುವುದು ಅವನ ಇಮೇಲಿಗೆ. ಅವನು ನೋಡುವುದಿಲ್ಲ. ಕೆಲವು ವಾರ ಕಾದು ‘ದೂರುದಾರರಿಂದ ಮಾಹಿತಿ ಬಂದಿಲ್ಲ’ ಎಂದು ಫೈಲು ಮುಚ್ಚುತ್ತಾರೆ. ಮನೆಯವರು ಮಾತ್ರ ‘ಆನ್‌ಲೈನ್ ಕಂಪ್ಲೇಂಟ್ ಕೊಟ್ಟಿದ್ದೇವೆ, ಏನೂ ಆಗಲಿಲ್ಲ’ ಅನ್ನುತ್ತಲೇ ಇರುತ್ತಾರೆ. ಮನೆಯವರದೇ ಇಮೇಲ್ ಮಾಡಿಸಿ, ಪಾಸ್‌ವರ್ಡನ್ನು ರೇಷನ್ ಕಾರ್ಡಿನ ಹಿಂದೆ ಬರೆದಿಟ್ಟರೂ ಅಡ್ಡಿಯಿಲ್ಲ. ಮುಚ್ಚಿದ ಫೈಲಿದ್ದರೆ ಹಳೆಯ ನಂಬರು ನಮೂದಿಸಿ ಹೊಸ ದೂರು ಹಾಕಿ.

ದೂರಿನಲ್ಲಿ ಕಷ್ಟಸುಖ ಬೇಡ. ‘ವಯಸ್ಸಾದ ತಾಯಿ ಅನ್ನ ನೀರು ಬಿಟ್ಟಿದ್ದಾರೆ’ ಅನ್ನುವುದು ನಿಜವೇ ಇರಬಹುದು, ಅದನ್ನು ಓದಿ ಅಲ್ಲಿನ ಗುಮಾಸ್ತ ಮಾಡುವುದೇನೂ ಇಲ್ಲ. ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು (ಹೆಗಡೆಗೆ ಒಂದು ‘ಇ’ ಕಡಿಮೆಯಾದರೂ ಕಂಪ್ಯೂಟರಿಗೆ ಅದು ಬೇರೆ ಮನುಷ್ಯ), ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರು, ಇಕಾಮ ನಂಬರು, ಕಫೀಲ್‌ನ ಹೆಸರು ಮತ್ತು ಫೋನು, ಹಿಡಿದ ದಿನ, ಊರು, ಅಲ್ಲಿರುವ ಪರಿಚಯದವರ ನಂಬರು. ಕೆಳಗೆ ನಾಲ್ಕೇ ಬೇಡಿಕೆ: ಎಲ್ಲಿ ಇಟ್ಟಿದ್ದಾರೆ ಎಂದು ಖಚಿತಪಡಿಸಿ, ಭೇಟಿಯಾಗಿ, ಆರೋಪವೇನು ಮತ್ತು ಮುಂದಿನ ತಾರೀಖು ಯಾವುದು ತಿಳಿಸಿ, ವಕೀಲರ ಪಟ್ಟಿ ಕೊಡಿ. ಭೇಟಿಯ ಹಕ್ಕು 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯದು. ಆದರೆ ಹಲವು ದೇಶಗಳಲ್ಲಿ ಬಂಧಿತನು ಒಪ್ಪದೆ ಅವನ ವಿವರ ಹೊರಗೆ ಕೊಡುವುದಿಲ್ಲ. ಆದ್ದರಿಂದ ಒಳಗಿನಿಂದ ಎರಡು ನಿಮಿಷ ಫೋನು ಸಿಕ್ಕರೆ ‘ಊಟ ಮಾಡಿದ್ಯಾ’ ಜೊತೆಗೆ ‘ಇಂಡಿಯನ್ ಎಂಬಸಿಗೆ ತಿಳಿಸಿ ಅಂತ ನೀನೇ ಬರೆದುಕೊಡು’ ಎಂದೂ ಹೇಳಬೇಕು.

2025ರಲ್ಲಿ ಸಂಸತ್ತಿಗೆ ಕೊಟ್ಟ ಉತ್ತರದ ಪ್ರಕಾರ ವಿದೇಶಿ ಜೈಲುಗಳಲ್ಲಿದ್ದ ಭಾರತೀಯರು 10 ಸಾವಿರಕ್ಕೂ ಹೆಚ್ಚು, ಅದರಲ್ಲಿ ಅರ್ಧದಷ್ಟು ಸೌದಿ ಮತ್ತು ಯುಎಇಯಲ್ಲೇ. ಒಬ್ಬೊಬ್ಬ ಅಧಿಕಾರಿಯ ಮೇಜಿನ ಮೇಲೆ ಎಷ್ಟು ಫೈಲಿರಬಹುದು ಅಂತ ಊಹಿಸಿ. ಸಂಸದರ ಪತ್ರ ಉಪಯೋಗಕ್ಕೆ ಬರುವುದು ಇಲ್ಲೇ: ಮದದ್ ನಂಬರನ್ನು ಅದರ ಮೊದಲ ಸಾಲಿನಲ್ಲೇ ಬರೆಸಿದರೆ ಆ ಫೈಲು ಮೇಲೆ ಬರುತ್ತದೆ. ನಂಬರಿಲ್ಲದ ಪತ್ರಕ್ಕೆ ‘ಪರಿಶೀಲಿಸಲಾಗುವುದು’ ಅಂತ ಚಂದದ ಉತ್ತರ ಬರುತ್ತದೆ, ಅದನ್ನು ಫ್ರೇಮು ಹಾಕಿಸಬಹುದು. ಫೋನಿನಲ್ಲೇ ಕೇಳುವವರಿಗೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ನಂಬರು 1800113090.

ವಕೀಲ, ಸ್ಟಾಂಪ್ ಪೇಪರು, ದುಡ್ಡು

ಕೇಸು ಕೋರ್ಟಿಗೆ ಹೋಗಿದ್ದರೆ ವಕೀಲ ಬೇಕು. ಗಲ್ಫಿನ ಕೋರ್ಟು ನಡೆಯುವುದು ಅರಬ್ಬಿಯಲ್ಲಿ. ಅಲ್ಲಿ ‘ಲೀಗಲ್ ಕನ್ಸಲ್ಟೆಂಟ್’ ಎಂದು ಬೋರ್ಡು ಹಾಕಿಕೊಂಡ ಭಾರತೀಯರು ಸಲಹೆ ಕೊಡಬಹುದು, ಅರ್ಜಿ ಬರೆಯಬಹುದು. ಕ್ರಿಮಿನಲ್ ಕೋರ್ಟಿನಲ್ಲಿ ನಿಂತು ವಾದಿಸುವವನು ಅಲ್ಲಿನ ಪರವಾನಗಿ ಇರುವ ವಕೀಲನೇ ಆಗಬೇಕು. ಕನ್ನಡವೋ ಹಿಂದಿಯೋ ಬಲ್ಲ ಕನ್ಸಲ್ಟೆಂಟ್ ಸಿಕ್ಕನೆಂದು ಖುಷಿಪಟ್ಟು ಪೂರ್ತಿ ಫೀಸು ಅವನಿಗೇ ಕೊಟ್ಟರೆ, ವಾದಿಸುವವನಿಗೆ ಮತ್ತೆ ಬೇರೆ ಕೊಡಬೇಕಾಗುತ್ತದೆ. ‘ಕೋರ್ಟಿಗೆ ಬರುವವರು ಯಾರು, ಅವರ ಹೆಸರೇನು’ ಅಂತ ಮೊದಲೇ ಕೇಳಿ. ಕರಾರು ಬರವಣಿಗೆಯಲ್ಲಿರಲಿ. ಹಣವನ್ನು ಹಂತ ಹಂತವಾಗಿ ಆಫೀಸಿನ ಖಾತೆಗೆ ಹಾಕಿ ರಸೀದಿ ತೆಗೆದುಕೊಳ್ಳಿ. ‘ಒಳಗೆ ವಾಸ್ತಾ (ವಶೀಲಿ) ಇದೆ, ಐದು ಸಾವಿರ ರಿಯಾಲ್ ಕೊಟ್ಟರೆ ಇವತ್ತೇ ಬಿಡಿಸುತ್ತೇನೆ’ ಅನ್ನುವವನಿಗೆ ಮಾತ್ರ ಒಂದು ಪೈಸೆಯನ್ನೂ ಕೊಡಬೇಡಿ. ಬಿಡುಗಡೆಯಾಗುವ ದಿನ ಹತ್ತಿರ ಬಂದಿದೆ ಎಂದು ಗೊತ್ತಿದ್ದೇ ಇಂಥವರು ಬರುತ್ತಾರೆ.

ಇನ್ನೊಂದು ಖರ್ಚು ಇಲ್ಲೇ ಊರಿನಲ್ಲಿ ಆಗುವುದು. ಕೋರ್ಟಿನ ಎದುರು ಸ್ಟಾಂಪ್ ಪೇಪರಿನ ಮೇಲೆ ಹೆಂಡತಿಯಿಂದ ‘ಪವರ್’ (ಅಧಿಕಾರ ಪತ್ರ) ಬರೆಸಿ, ನೋಟರಿ ಸೀಲು ಹಾಕಿಸಿ ದುಬೈಗೆ ಕೊರಿಯರ್ ಮಾಡುತ್ತಾರೆ. ಅದು ಅಲ್ಲಿ ಬರಿಯ ಕಾಗದ. ಯುಎಇಯಲ್ಲಿ ನಡೆಯಬೇಕಾದರೆ ನೋಟರಿ ಆದ ಮೇಲೆ ರಾಜ್ಯ ಸರ್ಕಾರದ ದೃಢೀಕರಣ, ವಿದೇಶಾಂಗ ಸಚಿವಾಲಯದ ಸೀಲು, ಯುಎಇ ರಾಯಭಾರ ಕಚೇರಿಯ ಸೀಲು, ಅರಬ್ಬಿ ಅನುವಾದ ಇಷ್ಟೂ ಆಗಬೇಕು. ಅದಕ್ಕಿಂತ ಮುಖ್ಯವಾಗಿ, ವಕೀಲನಿಗೆ ಅಧಿಕಾರ ಕೊಡಬೇಕಾದವನು ಆರೋಪಿ. ಹೆಂಡತಿಯ ಸಹಿ ಆ ಜಾಗಕ್ಕೆ ಬರುವುದೇ ಇಲ್ಲ. ಜೈಲಿನೊಳಗೇ ಅವನ ಸಹಿ ಪಡೆಯುವ ವ್ಯವಸ್ಥೆ ಇರುತ್ತದೆ, ಅದನ್ನು ಮಾಡಿಸುವುದು ವಕೀಲನ ಕೆಲಸ.

ಅಪೀಲಿನ ಅವಧಿ ಗಲ್ಫಿನಲ್ಲಿ ತೀರಾ ಕಡಿಮೆ. ಯುಎಇಯಲ್ಲಿ ಕ್ರಿಮಿನಲ್ ತೀರ್ಪಿಗೆ 15 ದಿನ, ಸೌದಿಯಲ್ಲಿ 30 ದಿನ. ನಮ್ಮ ಕೋರ್ಟುಗಳ ಲೆಕ್ಕದಲ್ಲಿ ‘ನೋಡೋಣ, ಹಬ್ಬ ಮುಗಿಯಲಿ’ ಅಂದುಕೊಂಡರೆ ಬಾಗಿಲು ಮುಚ್ಚಿರುತ್ತದೆ. ಕೈಯಲ್ಲಿ ಕಾಸಿಲ್ಲದವರಿಗೆ ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. 2009ರಲ್ಲಿ ಶುರುವಾದದ್ದು, 2017ರಲ್ಲಿ ನಿಯಮ ಸಡಿಲಿಸಿದರು. ಅರ್ಹರಿಗೆ ವಕೀಲರ ನೆರವು, ಸಣ್ಣ ದಂಡ, ಊರಿಗೆ ಬರುವ ಟಿಕೆಟ್ ಇದರಿಂದ ಸಿಗಬಹುದು. ತಾನಾಗಿ ಕೊಡುವುದಿಲ್ಲ, ಹೆಸರು ಹೇಳಿ ಕೇಳಬೇಕು. ಮನೆಯ ಬಡತನಕ್ಕೆ ತಹಶೀಲ್ದಾರರ ಆದಾಯ ಪ್ರಮಾಣಪತ್ರವನ್ನು ಲಗತ್ತಿಸಿದರೆ ಒಳ್ಳೆಯದು. ಮರಣದಂಡನೆ ಅಥವಾ ಜೀವಾವಧಿ ಆಗಬಹುದಾದ ಕೇಸಿನಲ್ಲಿ ಯುಎಇ ಕೋರ್ಟೇ ವಕೀಲನನ್ನು ನೇಮಿಸಬೇಕು.

ಹೌಸ್ ಡ್ರೈವರನ ಕೇಸು

ನಮ್ಮ ಕಡೆಯಿಂದ ಸೌದಿಗೆ ಹೋಗುವವರಲ್ಲಿ ಹೌಸ್ ಡ್ರೈವರುಗಳು ಕಡಿಮೆಯಿಲ್ಲ. ಕಫೀಲ್‌ನ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವಾಗ ಅಡ್ಡ ಬಂದವನಿಗೆ ಗಾಡಿ ತಾಗಿ ಅವನು ಸತ್ತ ಅನ್ನೋಣ. ಟ್ರಾಫಿಕ್ ಪೊಲೀಸರು ತಪ್ಪನ್ನು ಶೇಕಡಾವಾರು ಹಂಚುತ್ತಾರೆ. ಡ್ರೈವರನ ಮೇಲೆ ನೂರಕ್ಕೆ ನೂರೂ ಬರಬಹುದು, ಐವತ್ತೂ ಬರಬಹುದು. ಅಲ್ಲಿ ಕೇಸಿಗೆ ಎರಡು ಮುಖ. ಒಂದು ಸರ್ಕಾರದ ಹಕ್ಕು, ಇನ್ನೊಂದು ಸತ್ತವನ ಮನೆಯವರ ಖಾಸಗಿ ಹಕ್ಕು, ಅಂದರೆ ದಿಯಾ (ಸಾವಿಗೆ ಕೊಡಬೇಕಾದ ಪರಿಹಾರದ ಹಣ). ಸೌದಿಯಲ್ಲಿ ಅಪಘಾತದ ಸಾವಿಗೆ ಮುಸ್ಲಿಂ ಗಂಡಸಿನ ದಿಯಾವನ್ನು 2011ರಲ್ಲಿ 3 ಲಕ್ಷ ರಿಯಾಲಿಗೆ ಏರಿಸಿದರು. ಯುಎಇಯಲ್ಲಿ 2 ಲಕ್ಷ ದಿರ್ಹಮ್. ಗಾಡಿಗೆ ಇನ್ಶೂರೆನ್ಸ್ ಚಾಲ್ತಿಯಲ್ಲಿದ್ದು, ಡ್ರೈವರನ ಲೈಸೆನ್ಸೂ ಸರಿಯಿದ್ದರೆ ಈ ಹಣ ಇನ್ಶೂರೆನ್ಸ್ ಕಂಪನಿಯ ತಲೆಯ ಮೇಲೆ ಹೋಗುತ್ತದೆ. ಇನ್ಶೂರೆನ್ಸ್ ಮುಗಿದಿದ್ದರೆ ಅದು ಕಫೀಲ್‌ನ ತಪ್ಪು, ಒಳಗಿರುವವನು ಮಾತ್ರ ನಮ್ಮವನು.

ಆದ್ದರಿಂದ ಇಂಥ ಕೇಸಿನಲ್ಲಿ ಮೊದಲ ವಾರದಲ್ಲೇ ಹುಡುಕಬೇಕಾದ ಕಾಗದ ಮೂರು: ಗಾಡಿಯ ಇಸ್ತಿಮಾರ (ನೋಂದಣಿ ಪತ್ರ), ಅಪಘಾತದ ದಿನ ಚಾಲ್ತಿಯಲ್ಲಿದ್ದ ಇನ್ಶೂರೆನ್ಸ್ ಪಾಲಿಸಿ, ತಪ್ಪಿನ ಶೇಕಡಾ ಬರೆದ ಟ್ರಾಫಿಕ್ ವರದಿ. ಜನರು ಇದನ್ನು ಬಿಟ್ಟು ರಂಜಾನಿನ ಕ್ಷಮಾದಾನಕ್ಕೆ ಕಾಯುತ್ತಾರೆ. ದೊರೆಯ ಕ್ಷಮೆ ಸರ್ಕಾರದ ಹಕ್ಕಿಗೆ ಮಾತ್ರ. ಖಾಸಗಿ ಹಕ್ಕನ್ನು ದೊರೆಯೂ ಬಿಟ್ಟುಕೊಡಲಾರ; ಅದನ್ನು ಸತ್ತವನ ವಾರಸುದಾರರೇ ಬಿಡಬೇಕು, ಇಲ್ಲವೇ ಹಣ ಸಂದಾಯವಾಗಬೇಕು. ರಾಜಿ ಮಾತಾಡಲು ಊರಿನಿಂದ ಯಾರೂ ವಿಮಾನ ಹತ್ತಬೇಕಿಲ್ಲ. ಅರಬ್ಬಿ ಬಲ್ಲ, ಅಲ್ಲಿ ಹಲವು ವರ್ಷ ಇದ್ದ ಸಮಾಜದ ಹಿರಿಯರು ಈ ಕೆಲಸಕ್ಕೆ ತಕ್ಕವರು. ಜಮಾತ್‌ನ ಬೆಲೆ ನಿಜವಾಗಿ ತಿಳಿಯುವುದು ಇಲ್ಲಿ.

ಹೋಗುವವರ ಚೀಲದ ಬಗ್ಗೆಯೂ ಒಂದು ಮಾತು. ಪಾಯಸಕ್ಕೆ ಇರಲಿ ಅಂತ ಅಮ್ಮ ಕಟ್ಟಿಕೊಡುವ ಗಸಗಸೆ ಯುಎಇಯಲ್ಲಿ ನಿಷೇಧಿತ ವಸ್ತು, ಮಾದಕ ದ್ರವ್ಯದ ಕಾನೂನಿನಡಿ ಬರುತ್ತದೆ. ಕವಳದ ಸಂಚಿಯೂ ಬೇಡ. ಟ್ರಾಮಡಾಲ್, ಕೊಡೀನ್ ಇರುವ ಮಾತ್ರೆ ಅಥವಾ ಸಿರಪ್ ಇದ್ದರೆ ಅನುಮತಿಯಿಲ್ಲದೆ ಒಯ್ಯಬಾರದು. ಪಕ್ಕದ ಮನೆಯವರು ‘ನಮ್ಮ ಹುಡುಗನಿಗೆ ಇಷ್ಟು ಕೊಟ್ಟುಬಿಡು’ ಅಂತ ಹೊಲಿದು ಕೊಟ್ಟ ಪಾರ್ಸಲನ್ನು ಅವರೆದುರಿಗೇ ಬಿಚ್ಚಿ ನೋಡಬೇಕು. ಅವರಿಗೆ ಬೇಜಾರಾದರೆ ಆಗಲಿ.

ಕಾರವಾರದಲ್ಲಿ ಆಗುವುದೇನು

ದುಬೈ ಕೋರ್ಟಿನ ಕೇಸನ್ನು ಕಾರವಾರದ ವಕೀಲರು ನಡೆಸಲಾರರು. ಆದರೆ ಏಜೆಂಟನ ಮೇಲಿನ ಕೇಸು ನಡೆಯುವುದು ಇಲ್ಲೇ. ಕೆಲಸದ ವೀಸಾ ಅಂತ ಹೇಳಿ ವಿಸಿಟ್ ವೀಸಾದಲ್ಲಿ ಕಳಿಸಿದ್ದರೆ, ನೋಂದಣಿ ಇಲ್ಲದೆಯೇ ಜನ ಕಳಿಸುತ್ತಿದ್ದರೆ ಅದು 1983ರ ವಲಸೆ ಕಾಯ್ದೆಯ ಉಲ್ಲಂಘನೆ. ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ, ವಂಚನೆ. ನೋಂದಾಯಿತ ಏಜೆಂಟ್ ಕೂಡ ಸೇವಾ ಶುಲ್ಕವಾಗಿ 30 ಸಾವಿರ ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಅವನು ನೋಂದಾಯಿತನೇ ಎಂದು ‘ಇ-ಮೈಗ್ರೇಟ್’ ತಾಣದಲ್ಲಿ ನೋಡಬಹುದು. ದೂರನ್ನು ಠಾಣೆಗೂ ಬೆಂಗಳೂರಿನ ವಲಸಿಗರ ಸಂರಕ್ಷಣಾಧಿಕಾರಿಗೂ ಕೊಡಬೇಕು. ನಗದು ಕೊಟ್ಟವರಿಗೆ ಸಾಕ್ಷಿ ಕಷ್ಟ. ಏಜೆಂಟ್ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಧ್ವನಿ ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಿ.

ಇದಕ್ಕೆ ವಕೀಲರ ಫೀಸಿಲ್ಲ ಅಂತ ಕೂರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಅರ್ಜಿ ಭಾವನ ಹೆಸರಿನಲ್ಲೋ ಮೈದುನನ ಹೆಸರಿನಲ್ಲೋ ಹೋದರೆ ಆದಾಯ ಪತ್ರ ತನ್ನಿ ಅನ್ನುತ್ತಾರೆ. ಹೆಂಡತಿಯೋ ತಾಯಿಯೋ ಸಹಿ ಹಾಕಿದರೆ ಆ ಪ್ರಶ್ನೆಯೇ ಇಲ್ಲ. ಕಾರವಾರದಲ್ಲಿ ಜಿಲ್ಲಾ ಪ್ರಾಧಿಕಾರವಿದೆ, ತಾಲ್ಲೂಕು ಕೋರ್ಟುಗಳಲ್ಲಿ ಸಮಿತಿಗಳಿವೆ, ಫೋನು 15100. ರಾಯಭಾರ ಕಚೇರಿ ಉತ್ತರವನ್ನೇ ಕೊಡದಿದ್ದರೆ ಧಾರವಾಡದ ಹೈಕೋರ್ಟ್ ಪೀಠದಲ್ಲಿ ಕೇಂದ್ರ ಸರ್ಕಾರದ ವಿರುದ್ಧ ರಿಟ್ ಹಾಕಬಹುದು. ಅದರಿಂದ ಜೈಲಿನ ಬಾಗಿಲು ತೆರೆಯುವುದಿಲ್ಲ. ‘ಏನು ಕ್ರಮ ಕೈಗೊಂಡಿರಿ, ಹೇಳಿ’ ಎಂದು ಕೋರ್ಟು ಕೇಳಿದಾಗ ಫೈಲು ಓಡುತ್ತದೆ, ಅಷ್ಟು.

ವಿಮೆಯ ವಿಷಯದಲ್ಲಿ ನಮ್ಮವರಿಗೆ ಒಂದು ವಿಚಿತ್ರ ನಷ್ಟ. ಹತ್ತನೇ ತರಗತಿ ಪಾಸಾಗದವರು ಗಲ್ಫಿಗೆ ಕೆಲಸಕ್ಕೆ ಹೋಗುವಾಗ ವಲಸೆ ಅನುಮತಿಯ ಜೊತೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ ಪ್ರೀಮಿಯಂ 275 ರೂಪಾಯಿ, ಅಪಘಾತಕ್ಕೆ 10 ಲಕ್ಷ, ಉದ್ಯೋಗ ಸಂಬಂಧಿ ವ್ಯಾಜ್ಯಕ್ಕೆ 45 ಸಾವಿರದವರೆಗೆ ಕಾನೂನು ವೆಚ್ಚ. ನಮ್ಮ ಜಿಲ್ಲೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗದ ಹುಡುಗರು ಕಡಿಮೆ. ಪಾಸಾದವರಿಗೆ ಅನುಮತಿ ಬೇಡ, ಹಾಗಾಗಿ ವಿಮೆಯೂ ಇಲ್ಲ, ಸರ್ಕಾರದ ದಾಖಲೆಯಲ್ಲಿ ಅವನು ಯಾರ ಹತ್ತಿರ ಹೋದ ಎಂಬುದೂ ಇಲ್ಲ.

ಘಟ್ಟದ ಮೇಲಿನವರ ಅಮೆರಿಕ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳ ಆತಂಕ ಬೇರೆ: ಮಗ ಅಮೆರಿಕದಲ್ಲಿ, ಕೆಲಸ ಹೋಗಿದೆ, ಎಚ್-1ಬಿ ಕೆಲಸದ ವೀಸಾದ ಅವಧಿ ದಾಟಿದೆ. ಅಲ್ಲಿ ವಲಸೆ ಕಾನೂನು ಜಾರಿ ಮಾಡುವ ಐಸ್ (ICE) ಇಲಾಖೆಯವರು ಹಿಡಿದರೆ ಇಲ್ಲಿಂದಲೇ ಅವರ ತಾಣದಲ್ಲಿ ಹುಡುಕಬಹುದು. ‘ಎ’ ಅಕ್ಷರದ ನಂತರದ ಎಂಟು-ಒಂಬತ್ತು ಅಂಕಿಯ ನಂಬರು ಮತ್ತು ಹುಟ್ಟಿದ ದೇಶ ಇದ್ದರೆ ಯಾವ ಕೇಂದ್ರದಲ್ಲಿದ್ದಾನೆ ಎಂದು ತೋರಿಸುತ್ತದೆ. ರಾಜ್ಯದಿಂದ ರಾಜ್ಯಕ್ಕೆ ಸಾಗಿಸುತ್ತಾರೆ, ಆದ್ದರಿಂದ ದಿನವೂ ನೋಡಬೇಕು. ವಲಸೆ ಕೋರ್ಟಿನಲ್ಲಿ ವಕೀಲನನ್ನು ಇಟ್ಟುಕೊಳ್ಳುವ ಹಕ್ಕಿದೆ, ಖರ್ಚು ಸರ್ಕಾರ ಕೊಡುವುದಿಲ್ಲ. ಉಚಿತವಾಗಿ ವಾದಿಸುವವರ ಪಟ್ಟಿಯನ್ನು ಕೋರ್ಟೇ ರಾಜ್ಯವಾರು ಪ್ರಕಟಿಸುತ್ತದೆ. ವಲಸೆ ಕಾನೂನು ಕೇಂದ್ರದ್ದಾದ್ದರಿಂದ ಟೆಕ್ಸಾಸಿನಲ್ಲಿರುವವನಿಗೆ ನ್ಯೂಜೆರ್ಸಿಯ ವಕೀಲರೂ ನಡೆಯುತ್ತದೆ. ಭಾರತದ ಕಾನ್ಸುಲೇಟಿಗೆ ಅಲ್ಲಿನವರು ತಾವಾಗಿ ತಿಳಿಸುವುದಿಲ್ಲ, ಬಂಧಿತನು ಕೇಳಿಕೊಳ್ಳಬೇಕು. ವಕೀಲರು ಓದುವ ಮೊದಲು ‘ಸ್ವಇಚ್ಛೆಯಿಂದ ಹೋಗುತ್ತೇನೆ’ ಎಂಬಂಥ ಯಾವ ಕಾಗದಕ್ಕೂ ಸಹಿ ಹಾಕಬಾರದು.

ಔಟ್‌ಪಾಸ್ ಮತ್ತು ಬಾಕಿ ಸಂಬಳ

ಗಲ್ಫಿನ ತರ್ಹೀಲ್‌ಗೆ ಮರಳಿದರೆ, ಪಾಸ್‌ಪೋರ್ಟ್ ಕಫೀಲ್‌ನ ಹತ್ತಿರ ಉಳಿದವನಿಗೆ ರಾಯಭಾರ ಕಚೇರಿ ಔಟ್‌ಪಾಸ್ ಕೊಡುತ್ತದೆ. ಪಾಸ್‌ಪೋರ್ಟ್ ನಂಬರು ಗೊತ್ತಿದ್ದರೆ ಬೇಗ. ಗೊತ್ತಿಲ್ಲದಿದ್ದರೆ ಇವನು ಭಾರತೀಯನೇ ಎಂದು ಊರಿನ ಠಾಣೆಯಿಂದ ವಿಚಾರಣೆಯಾಗಬೇಕು. ಪೊಲೀಸರು ಮನೆಗೆ ಬಂದಾಗ ಬೀಗ ಹಾಕಿದ್ದರೆ, ಅಥವಾ ಹೆದರಿ ‘ನಮಗೇನೂ ಗೊತ್ತಿಲ್ಲ’ ಅಂದರೆ ಆ ವರದಿ ಅಲ್ಲಿಗೇ ನಿಲ್ಲುತ್ತದೆ. ಆಧಾರ್, ರೇಷನ್ ಕಾರ್ಡು, ಶಾಲೆಯ ದಾಖಲಾತಿ ಪ್ರತಿಗಳನ್ನು ಮೊದಲೇ ಠಾಣೆಗೆ ಕೊಟ್ಟು ಬರುವುದು ಜಾಣತನ.

ಶಿಕ್ಷೆಯಾದವರಿಗೆ ಉಳಿದ ಅವಧಿಯನ್ನು ಭಾರತದ ಜೈಲಿನಲ್ಲಿ ಕಳೆಯುವ ದಾರಿಯೂ ಇದೆ: 2003ರ ಕೈದಿಗಳ ವಾಪಸಾತಿ ಕಾಯ್ದೆ, ಮತ್ತು ಸೌದಿ, ಯುಎಇ, ಕುವೈತ್, ಕತಾರ್ ಜೊತೆಗಿನ ಒಪ್ಪಂದಗಳು. ತೀರ್ಪು ಅಂತಿಮವಾಗಿರಬೇಕು, ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳ ಶಿಕ್ಷೆ ಉಳಿದಿರಬೇಕು, ಬೇರೆ ಕೇಸು ಬಾಕಿ ಇರಬಾರದು, ಕೈದಿ ತಾನೇ ಒಪ್ಪಬೇಕು, ಎರಡೂ ಸರ್ಕಾರಗಳು ಒಪ್ಪಬೇಕು. ನಿಧಾನದ ಕೆಲಸ, ಎರಡು-ಮೂರು ವರ್ಷದ ಶಿಕ್ಷೆಯವರಿಗೆ ಅರ್ಜಿ ಮುಗಿಯುವ ಮೊದಲೇ ಶಿಕ್ಷೆ ಮುಗಿಯಬಹುದು.

ವಿಮಾನ ಹತ್ತಿಸುವ ಸಂಭ್ರಮದಲ್ಲಿ ಬಾಕಿ ಸಂಬಳ ಮರೆತುಹೋಗುತ್ತದೆ. ಒಮ್ಮೆ ಗಡಿಪಾರಾದವನು ಮತ್ತೆ ಅಲ್ಲಿಗೆ ಹೋಗಿ ಕೇಳುವಂತಿಲ್ಲ, ಬೆರಳಚ್ಚು ದಾಖಲಾಗಿರುತ್ತದೆ. ಆದ್ದರಿಂದ ಹೊರಡುವ ಮೊದಲು, ಒಳಗಿರುವಾಗಲೇ, ಲೇಬರ್ ಕೋರ್ಟಿನಲ್ಲಿ ತನ್ನ ಪರವಾಗಿ ನಡೆದುಕೊಳ್ಳಲು ರಾಯಭಾರ ಕಚೇರಿಗೋ ನಂಬಿಕೆಯ ಗೆಳೆಯನಿಗೋ ಪವರ್ ಬರೆದುಕೊಟ್ಟು ಬರಬೇಕು. ಅದರಲ್ಲಿ ಕಂಪನಿಯ ಹೆಸರು, ಸೇರಿದ ದಿನ, ತಿಂಗಳ ಸಂಬಳ, ಯಾವ ತಿಂಗಳಿಂದ ಬಾಕಿ, ವಾರ್ಷಿಕ ರಜೆಯ ಹಣ, ಸೇವಾವಧಿಯ ಗ್ರಾಚ್ಯುಟಿ ಎಲ್ಲವನ್ನೂ ಬಿಡಿಬಿಡಿಯಾಗಿ ಬರೆದಿರಬೇಕು. ‘ಎಲ್ಲ ಬಾಕಿ ಪಡೆದಿದ್ದೇನೆ’ ಎಂಬ ಕಾಗದಕ್ಕೆ ಏರ್‌ಪೋರ್ಟಿಗೆ ಹೊರಡುವ ಹೊತ್ತಿನಲ್ಲಿ ಕಂಪನಿಯ ಮಂದೂಬ್ (ಪ್ರತಿನಿಧಿ) ಸಹಿ ಕೇಳುತ್ತಾನೆ. ಅದು ಅರಬ್ಬಿಯಲ್ಲಿರುತ್ತದೆ. ಸಹಿ ಹಾಕುವ ಮೊದಲು ಫೋಟೊ ತೆಗೆದು ಅರಬ್ಬಿ ಬಲ್ಲವರಿಗೆ ಕಳಿಸಲು ಸಾಧ್ಯವಾಗದಿದ್ದರೆ, ಸಹಿಯ ಪಕ್ಕ ಇಂಗ್ಲಿಷಿನಲ್ಲಿ ‘ಸಂಬಳ ಸಿಕ್ಕಿಲ್ಲ’ ಎಂದು ಬರೆದು ತಾರೀಖು ಹಾಕಿದರೂ ಆಮೇಲೆ ಲೇಬರ್ ಕೋರ್ಟಿನಲ್ಲಿ ತೋರಿಸಲು ಏನಾದರೂ ಉಳಿಯುತ್ತದೆ.